ಒಬ್ಬನೇ ಹಾಡಲು ಹೊರಟವನು

ಪಂಚಗಣಿಗೆ ಹೋದವರು ಸಾಮಾನ್ಯವಾಗಿ ಟೇಬಲ್ ಲ್ಯಾಂಡ್ ನೋಡುತ್ತಾರೆ, ಸ್ಟ್ರಾಬೆರಿ ತಿನ್ನುತ್ತಾರೆ, ಒಂದೆರಡು ಶರಬತ್ತಿನ ಬಾಟಲಿ ಕೊಂಡು ಮಹಾಬಳೇಶ್ವರದ ದಾರಿ ಹಿಡಿಯುತ್ತಾರೆ. ನಾವೂ ಅಷ್ಟನ್ನೇ ಮಾಡಿದೆವು. ಪುಣೆಯಲ್ಲಿ ನೌಕರಿ ಮಾಡುವ ನನ್ನ ಅಣ್ಣನ ಮಗ ಕೆಲವು ವರ್ಷಗಳ ಹಿಂದೆ ಬೇಸಿಗೆಯ ಸೂಟಿಯಲ್ಲಿ ನಮ್ಮನ್ನೆಲ್ಲ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದ. ಟೇಬಲ್ ಲ್ಯಾಂಡಿನ ಅಂಚಿಗೆ ನಿಂತರೆ ಕೆಳಗೆ ಕೃಷ್ಣೆಯ ಕಣಿವೆ. ನಮ್ಮ ಜಮಖಂಡಿಯ ಕಡೆ ಮಳೆಗಾಲದಲ್ಲಿ ಊರು ಮುಳುಗಿಸುವ ಹೊಳೆ ಇಲ್ಲಿ ಗುಡ್ಡದ ಬುಡದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಸಮಾಜ ವಿಜ್ಞಾನ ಕಲಿಸುವವಳಿಗೆ ಇಂಥದ್ದನ್ನು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ನದಿ, ಉಪನದಿ, ಆಣೆಕಟ್ಟು ಎಂದು ಪಾಠ ಶುರು ಮಾಡಿದ್ದೆ. ಹುಡುಗ ನಡುವೆಯೇ ತಡೆದ.

"ಅದನ್ನ ಬಿಡ್ರಿ ಅತ್ತಿ. ಫ್ರೆಡ್ಡಿ ಮರ್ಕ್ಯುರಿ ಇದ ಊರಾಗ ಸಾಲಿ ಕಲ್ತಾನ, ಗೊತ್ತೈತೇನು ನಿಮಗ?"

ನನಗೆ ಗೊತ್ತಿದ್ದ ಮರ್ಕ್ಯುರಿ ಎಂದರೆ ಥರ್ಮಾಮೀಟರಿನೊಳಗಿನ ಪಾದರಸ, ಇಲ್ಲವೆ ಸೂರ್ಯನಿಗೆ ಹತ್ತಿರದ ಬುಧ. ಹಾಗೆಂದಾಗ ಗಾಡಿಯಲ್ಲಿದ್ದ ಮಕ್ಕಳೆಲ್ಲ ನಕ್ಕರು. ಆ ರಾತ್ರಿ ಪುಣೆಗೆ ಮರಳಿದ ಮೇಲೆ, ಅತ್ತಿಯ ಅಜ್ಞಾನ ನಿವಾರಿಸಲೇಬೇಕೆಂದು ಹುಡುಗ 2018ರಲ್ಲಿ ಬಂದ 'ಬೊಹೀಮಿಯನ್ ರಾಪ್ಸೊಡಿ' ಎಂಬ ಸಿನಿಮಾ ಹಚ್ಚಿದ.

ಸಿನಿಮಾ ಚೆನ್ನಾಗಿತ್ತು. ಆ ಪಾತ್ರ ಮಾಡಿದ ರಾಮಿ ಮಾಲೆಕ್ ಎಂಬಾತನಿಗೆ ಆಸ್ಕರ್ ಬಂದದ್ದು ನ್ಯಾಯವೇ. ಆದರೆ ನೋಡುತ್ತ ನೋಡುತ್ತ ನನಗೆ ಅನುಮಾನ ಬಂತು. ಈ ಕಥೆಯನ್ನು ನಾನು ಎಲ್ಲೋ ನೋಡಿದ್ದೇನಲ್ಲ! ನಾಲ್ವರು ಸೇರಿ ಒಂದು ಮೇಳ ಕಟ್ಟುತ್ತಾರೆ, ಹೆಸರು, ದುಡ್ಡು ಎಲ್ಲ ಬರುತ್ತದೆ. ಮುಂದೆ ನಿಂತು ಹಾಡುವವನಿಗೆ ತಲೆ ತಿರುಗುತ್ತದೆ. "ನಾನು ಒಬ್ಬನೇ ರೆಕಾರ್ಡು ಮಾಡುತ್ತೇನೆ" ಎಂದು ಕರಾರಿಗೆ ಸಹಿ ಹಾಕಿ ಹೊರಟುಬಿಡುತ್ತಾನೆ. ಪರದೇಶದಲ್ಲಿ ಕೆಟ್ಟವರ ಸಹವಾಸ, ಕುಡಿತ, ಒಂಟಿತನ. ಕೊನೆಗೆ ಬುದ್ಧಿ ಬಂದು ಮರಳುತ್ತಾನೆ, ಕ್ಷಮೆ ಕೇಳುತ್ತಾನೆ, ತನಗೆ ಬಂದ ಮಾರಕ ರೋಗದ ಸುದ್ದಿ ಹೇಳುತ್ತಾನೆ. ಎಲ್ಲರೂ ಅಪ್ಪಿಕೊಳ್ಳುತ್ತಾರೆ, ಮತ್ತೆ ಒಟ್ಟಿಗೆ ಹಾಡುತ್ತಾರೆ. ಇದು ನಮ್ಮ ಹಳೆಯ ಕನ್ನಡ ಸಿನಿಮಾಗಳ ಕೂಡುಕುಟುಂಬದ ಕಥೆಯಲ್ಲದೆ ಮತ್ತೇನು? ಹೆಂಡತಿಯ ಮಾತು ಕೇಳಿ ಬೇರೆ ಮನೆ ಮಾಡಿದ ಕಿರಿಯ ಮಗ ಕಷ್ಟಕ್ಕೆ ಸಿಕ್ಕಿ, ಕಡೆಯ ರೀಲಿನಲ್ಲಿ ಅಣ್ಣನ ಕಾಲಿಗೆ ಬೀಳುವ ಕಥೆ. ಲಂಡನ್ನಿನವರೂ ಅದನ್ನೇ ತೆಗೆಯುತ್ತಾರೆಂದು ನನಗೆ ತಿಳಿದಿರಲಿಲ್ಲ.

ಊರಿಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಕ್ಕಳಿಂದ ಬರೆಯಿಸಿ ಬರೆಯಿಸಿ ನನಗೂ ಅದೇ ಚಟ ಅಂಟಿದೆ. ಬಿಡುವಾದಾಗಲೆಲ್ಲ ಆತನ ಜೀವನದ ಬಗ್ಗೆ ಓದಿದೆ, ನೋಡಿದೆ, ಹಾಡುಗಳನ್ನೂ ಕೇಳಿದೆ. ಈ ವಯಸ್ಸಿನಲ್ಲಿ ರಾಕ್ ಸಂಗೀತವೇ ಎಂದು ಸಹೋದ್ಯೋಗಿಗಳು ಹಾಸ್ಯ ಮಾಡಿದರು. ಮಾಡಲಿ ಬಿಡಿ.

ಆತನ ನಿಜವಾದ ಹೆಸರು ಫರೋಖ್ ಬುಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕದ ಪೂರ್ವ ಕರಾವಳಿಯ ಝಾಂಜಿಬಾರ್ ದ್ವೀಪದಲ್ಲಿ. ನಮ್ಮ ಶಿಕ್ಷಕರ ದಿನಾಚರಣೆಯ ದಿನವೇ ಹುಟ್ಟಿದವನು ಎಂಬುದು ನನಗೊಂದು ಸಣ್ಣ ಖುಷಿ. ತಂದೆತಾಯಿ ಪಾರ್ಸಿಗಳು. ಮೂಲ ಗುಜರಾತಿನ ಬುಲ್ಸಾರ್, ಅಂದರೆ ಈಗಿನ ವಲ್ಸಾಡ್. ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ತಂದೆ ಬ್ರಿಟಿಷ್ ಸರಕಾರದ ಕೈಕೆಳಗೆ ಕ್ಯಾಷಿಯರ್. ಮಗನನ್ನು ಎಂಟನೆಯ ವಯಸ್ಸಿಗೆ ಹಡಗು ಹತ್ತಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಐವತ್ತರ ದಶಕದ ನಡುವಿನ ಮಾತು ಇದು. 1956ರ ನವೆಂಬರ್ 1ರವರೆಗೆ ನಮ್ಮ ಜಮಖಂಡಿ, ಆ ಪಂಚಗಣಿ ಎರಡೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು.

ಎಂಟು ವರ್ಷದ ಕೂಸು, ಸಮುದ್ರದಾಚೆ ಅವ್ವ. ಆ ಹುಡುಗನ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಹುಟ್ಟಿ ಮುಂದಿನ ಹಲ್ಲುಗಳನ್ನು ಹೊರಗೆ ದೂಡಿದ್ದವು. ಹುಡುಗರು ಬಿಡುತ್ತಾರೆಯೇ? 'ಬಕಿ' ಎಂದು ಹೆಸರಿಟ್ಟರು, ನಮ್ಮಲ್ಲಿ ಹಲ್ಲುಬ್ಬ ಅನ್ನುವಂತೆ. ನಗುವಾಗ ತುಟಿ ಮುಚ್ಚುವ ಇಲ್ಲವೆ ಕೈ ಅಡ್ಡ ಹಿಡಿಯುವ ರೂಢಿ ಆತನಿಗೆ ಕೊನೆಯವರೆಗೂ ಹೋಗಲಿಲ್ಲ. ದುಡ್ಡು ಬಂದ ಮೇಲೂ ಹಲ್ಲು ಸರಿಮಾಡಿಸಿಕೊಳ್ಳಲಿಲ್ಲ, ದನಿ ಕೆಟ್ಟೀತೆಂಬ ಅಂಜಿಕೆಯಿಂದ. ಫರೋಖ್ ಎಂಬ ಹೆಸರು ಫ್ರೆಡ್ಡಿ ಆದದ್ದೂ ಆ ಶಾಲೆಯಲ್ಲಿಯೇ. ಅಲ್ಲಿ ಪಿಯಾನೋ ಕಲಿತ. ಹನ್ನೆರಡರ ಆಸುಪಾಸಿನಲ್ಲಿ ಐವರು ಹುಡುಗರು ಸೇರಿ 'ಹೆಕ್ಟಿಕ್ಸ್' ಎಂಬ ವಾದ್ಯಮೇಳ ಕಟ್ಟಿದರು. ಅದರಲ್ಲಿ ಮುಂದೆ ನಿಂತು ಹಾಡುತ್ತಿದ್ದವನು ಬೇರೊಬ್ಬ. ಮುಂದೆ ಲಕ್ಷ ಜನರನ್ನು ಒಂದು ಕೈಸನ್ನೆಯಲ್ಲಿ ಕುಣಿಸಿದವನು ಇಲ್ಲಿ ಪಿಯಾನೋದ ಹಿಂದೆ ಕುಳಿತು ಹಿಮ್ಮೇಳ ಹಾಡುತ್ತಿದ್ದ. ಗ್ಯಾದರಿಂಗಿನಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕೆಂದು ತೀರ್ಮಾನಿಸುವ ನಮ್ಮಂಥ ಮಾಸ್ತರು, ಬಾಯಿಯವರು ಇದನ್ನು ನೆನಪಿಡುವುದು ಒಳ್ಳೆಯದು.

1964ರ ಜನವರಿಯಲ್ಲಿ ಝಾಂಜಿಬಾರದಲ್ಲಿ ಕ್ರಾಂತಿಯಾಯಿತು, ಸುಲ್ತಾನನ ಆಳ್ವಿಕೆ ಬಿತ್ತು, ಅರಬರ, ಭಾರತೀಯರ ಮನೆಗಳ ಮೇಲೆ ದಾಳಿಗಳಾದವು. ಬುಲ್ಸಾರಾ ಕುಟುಂಬ ಸಿಕ್ಕಷ್ಟು ಕಟ್ಟಿಕೊಂಡು ಲಂಡನ್ನಿನ ಬದಿಯ ಫೆಲ್ಥಮ್ ಎಂಬಲ್ಲಿಗೆ ಬಂದಿತು. ಹುಡುಗ ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಚಿತ್ರಕಲೆ ಕಲಿತ, 1969ರಲ್ಲಿ ಮುಗಿಸಿದ. ಹೊಟ್ಟೆಪಾಡಿಗೆ ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೆಯ ಬಟ್ಟೆ ಮಾರಿದ. 1970ರಲ್ಲಿ ಗಿಟಾರ್ ನುಡಿಸುವ ಬ್ರಯನ್ ಮೇ ಮತ್ತು ಡ್ರಮ್ ಬಾರಿಸುವ ರೋಜರ್ ಟೇಲರ್ ಜೊತೆ ಸೇರಿದ. ಮರುವರ್ಷ ಬೇಸ್ ಗಿಟಾರಿಗೆ ಜಾನ್ ಡೀಕನ್ ಬಂದ. ಬ್ರಯನ್ ಖಗೋಳ ವಿಜ್ಞಾನದ ಸಂಶೋಧನೆ ಅರ್ಧಕ್ಕೆ ಬಿಟ್ಟವನು (2007ರಲ್ಲಿ ಅದನ್ನು ಪೂರೈಸಿ ಡಾಕ್ಟರೇಟ್ ಪಡೆದ, ಅದೂ ದೊಡ್ಡ ಮಾತು), ರೋಜರ್ ಜೀವಶಾಸ್ತ್ರದವನು, ಜಾನ್ ಇಲೆಕ್ಟ್ರಾನಿಕ್ಸ್ ಪದವೀಧರ. ಮೇಳಕ್ಕೆ 'ಕ್ವೀನ್' ಎಂದು ಹೆಸರಿಟ್ಟವನು ಫ್ರೆಡ್ಡಿ. ನಾಲ್ವರ ರಾಶಿಚಿಹ್ನೆಗಳನ್ನು ಸೇರಿಸಿ ಮೇಳದ ಲಾಂಛನ ಬರೆದವನೂ ಅವನೇ. ಅದೇ ಕಾಲಕ್ಕೆ ಬುಲ್ಸಾರಾ ಹೋಗಿ ಮರ್ಕ್ಯುರಿ ಆಯಿತು. ತನ್ನ ಬಾಲ್ಯದ ಬಗ್ಗೆ ಮುಂದೆ ಸಂದರ್ಶನಗಳಲ್ಲಿ ಆತ ಹೆಚ್ಚು ಬಾಯಿ ಬಿಡಲಿಲ್ಲ.

ಇನ್ನು ಆತನ ಥಳಕು! 1974ರಲ್ಲಿ ಝಾಂಡ್ರಾ ರೋಡ್ಸ್ ಎಂಬಾಕೆ ಹೊಲಿದ ನಿರಿಗೆ ನಿರಿಗೆಯ ಬಿಳಿ ಅಂಗಿ ತೊಟ್ಟು ಕೈ ಚಾಚಿದರೆ ಹಕ್ಕಿ ರೆಕ್ಕೆ ಬಿಚ್ಚಿದಂತೆ. ಆಮೇಲೆ ಸರ್ಕಸ್ಸಿನವರ ಮೈಗಂಟಿದ ಚೌಕಳಿ ಉಡುಪು, ಆಮೇಲೆ ಚರ್ಮದ ಜಾಕೀಟು, ಮೀಸೆ, 1986ರಲ್ಲಿ ರಾಜನ ಕಿರೀಟ ಮತ್ತು ನೆಲ ಗುಡಿಸುವ ಕೆಂಪು ನಿಲುವಂಗಿ. ಮೈಕಿನ ಕೋಲು ಪೂರ್ತಿ ಇರಬಾರದು, ಅರ್ಧ ತುಂಡೇ ಬೇಕು. ಅದನ್ನು ಗದೆಯಂತೆ, ಗಿಟಾರಿನಂತೆ, ಬೆತ್ತದಂತೆ ತಿರುಗಿಸುತ್ತಿದ್ದ. ನಮ್ಮ ಬಯಲಾಟದ ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿ ರಂಗಕ್ಕೆ ಬಂದಾಗ ನಾವು ಅದನ್ನು ಬೆಡಗು ಎಂದು ಆಡಿಕೊಳ್ಳುವುದಿಲ್ಲ, ವೇಷ ಎನ್ನುತ್ತೇವೆ. ಇವನದೂ ವೇಷವೇ. ವೇಷ ಕಳಚಿದ ಮೇಲೆ ಬಹಳ ನಾಚಿಕೆಯ ಮನುಷ್ಯನಾಗಿದ್ದನೆಂದು ಬಲ್ಲವರೆಲ್ಲ ಹೇಳಿದ್ದಾರೆ.

'ಬೊಹೀಮಿಯನ್ ರಾಪ್ಸೊಡಿ' ಎಂಬ ಹಾಡು 1975ರದು. ಹೆಚ್ಚುಕಡಿಮೆ ಆರು ನಿಮಿಷದ ಹಾಡು. ಇಷ್ಟುದ್ದದ್ದನ್ನು ರೇಡಿಯೋದವರು ಹಾಕುವುದಿಲ್ಲ ಎಂಬ ಮಾತು ಬಂದರೂ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಬರೆದವನು, ರಾಗ ಹಾಕಿದವನು ಫ್ರೆಡ್ಡಿ ಒಬ್ಬನೇ. ಆದರೆ ನಡುವೆ ಒಪೆರಾ ಧಾಟಿಯಲ್ಲಿ ನೂರಾರು ಜನ ಹಾಡಿದಂತೆ ಕೇಳಿಸುತ್ತದಲ್ಲ, ಅಲ್ಲಿ ಹಾಡಿದವರು ಮೂವರೇ: ಫ್ರೆಡ್ಡಿ, ಬ್ರಯನ್, ರೋಜರ್. ಹಾಡಿದ್ದರ ಮೇಲೆ ಮತ್ತೆ ಹಾಡಿ, ಟೇಪಿನ ಮೇಲೆ ಟೇಪು ಸೇರಿಸಿ, ದಿನಗಟ್ಟಲೆ ಕುಳಿತು ಅದನ್ನು ಕಟ್ಟಿದರು. ತೀರ ಮೇಲಿನ ಸ್ವರ ರೋಜರನದು. ಹಾಡು ಫ್ರೆಡ್ಡಿಯದೋ ಮೇಳದ್ದೋ ಎಂದು ಕೇಳಿದರೆ ನನಗೆ ಉತ್ತರ ತಿಳಿಯದು. ಮನೆಯೊಳಗೆ ಸಾರು ಮಾಡಿದವಳು ಒಬ್ಬಳೇ ಇರಬಹುದು, ತೆಂಗಿನಕಾಯಿ ತುರಿದವರನ್ನು, ಮಸಾಲೆ ಅರೆದವರನ್ನು ಹೊರಗಿಟ್ಟು ರುಚಿಯ ಲೆಕ್ಕ ಹಾಕುವುದು ಹೇಗೆ?

ಈಗ ನಾನು ಹುಡುಕಿದ ಮಾತಿಗೆ ಬರುತ್ತೇನೆ. ಫ್ರೆಡ್ಡಿ ಒಬ್ಬನೇ ಹೊರಟದ್ದು ಯಾವಾಗ, ಹೇಗೆ?

ತಮಾಷೆಯೆಂದರೆ, ಕ್ವೀನ್ ಮೇಳದ ಮೊದಲ ರೆಕಾರ್ಡು ಬರುವ ಮೊದಲೇ 1973ರಲ್ಲಿ ಆತ 'ಲ್ಯಾರಿ ಲುರೆಕ್ಸ್' ಎಂಬ ಸುಳ್ಳು ಹೆಸರಿನಲ್ಲಿ ಒಂದು ರೆಕಾರ್ಡಿಗೆ ಹಾಡಿದ್ದ. ಯಾರೂ ಕೊಳ್ಳಲಿಲ್ಲ. ಆಮೇಲೆ ಹತ್ತು ವರ್ಷ ಆ ಗೋಜಿಗೆ ಹೋಗಲಿಲ್ಲ. ಆ ನಡುವೆ ಮೇಳದಿಂದ ಹೊರಗೆ ಮೊದಲು ಸ್ವಂತ ಆಲ್ಬಮ್ ಮಾಡಿದವನು ರೋಜರ್, 1981ರಲ್ಲಿ. ಬ್ರಯನ್ 1983ರಲ್ಲಿ ಬೇರೆ ಗೆಳೆಯರೊಂದಿಗೆ ಮಾಡಿದ. ಫ್ರೆಡ್ಡಿಯದು ಮೂರನೆಯ ಸರದಿ! ಸಿನಿಮಾದಲ್ಲಿ ದ್ರೋಹವಾದದ್ದು ನಿಜದಲ್ಲಿ ಸರದಿಯಾಗಿತ್ತು. 1984ರಲ್ಲಿ 'ಮೆಟ್ರೊಪೊಲಿಸ್' ಎಂಬ ಜರ್ಮನಿಯ ಹಳೆಯ ಮೂಕಿ ಚಿತ್ರಕ್ಕೆ ಸಂಗೀತ ಕೂಡಿಸಿ ಮತ್ತೆ ಬಿಡುಗಡೆ ಮಾಡಿದಾಗ ಅದಕ್ಕೊಂದು ಹಾಡು ಹಾಡಿದ. 1985ರ ಏಪ್ರಿಲ್ 29ರಂದು 'ಮಿಸ್ಟರ್ ಬ್ಯಾಡ್ ಗೈ' ಎಂಬ ಆತನ ಸ್ವಂತ ಆಲ್ಬಮ್ ಬಂತು. ಅದು ಅಂಗಡಿಗೆ ಬಂದ ದಿನಗಳಲ್ಲಿ ಆತ ಎಲ್ಲಿದ್ದ? ಉಳಿದ ಮೂವರ ಜೊತೆಗೇ ಆಸ್ಟ್ರೇಲಿಯ, ಜಪಾನುಗಳಲ್ಲಿ ತಿರುಗುತ್ತ ಕ್ವೀನ್ ಹಾಡುಗಳನ್ನು ಹಾಡುತ್ತಿದ್ದ.

ಆ ಆಲ್ಬಮ್ಮನ್ನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾಡಿದ. ಎಲ್ಲ ಹಾಡುಗಳೂ ಸ್ವಂತದವು. ನುಡಿಸಿದವರು ಗೊತ್ತುಮಾಡಿದ ವಾದಕರು, ಒಳ್ಳೆಯ ವಾದಕರೇ. ಮೈಕೆಲ್ ಜಾಕ್ಸನ್ ಜೊತೆ 1983ರಲ್ಲಿ ಹಾಡಲು ಶುರು ಮಾಡಿ ಮುಗಿಯದೆ ಉಳಿದ ಒಂದು ಹಾಡನ್ನೂ ಇದರಲ್ಲಿ ಒಬ್ಬನೇ ಹಾಡಿದ್ದಾನೆ. ಆಲ್ಬಮ್ಮನ್ನು ಅರ್ಪಿಸಿದ್ದು ತನ್ನ ಬೆಕ್ಕಿಗೆ ಮತ್ತು ಜಗತ್ತಿನ ಬೆಕ್ಕುಪ್ರಿಯರಿಗೆ. ಬ್ರಿಟನ್ನಿನಲ್ಲಿ ಆರನೆಯ ಸ್ಥಾನಕ್ಕೆ ಬಂತು, ಅಮೆರಿಕದಲ್ಲಿ 159ರ ಮೇಲೆ ಏರಲಿಲ್ಲ. ನಾನು ಕೇಳಿದೆ. ದನಿ ಅದೇ, ಏರಿಳಿತ ಅದೇ. ಆದರೆ ಹಾಡುಗಾರ ಒಂದು ಮಾತು ಹೇಳಿದರೆ ಎದುರು ಮಾತಾಡುವವರು ಯಾರೂ ಇಲ್ಲ. ಕ್ವೀನ್ ಹಾಡುಗಳಲ್ಲಿ ಬ್ರಯನನ ಗಿಟಾರು ಫ್ರೆಡ್ಡಿಯೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ನಮ್ಮ ಧಾರವಾಡದ ಕಡೆಯ ಬೈಠಕ್ಕುಗಳಲ್ಲಿ ಹಾರ್ಮೋನಿಯಂ ಸಾಥಿಯವರು ಗವಾಯಿಗೆ ಒಮ್ಮೊಮ್ಮೆ ಸವಾಲು ಹಾಕುತ್ತಾರಲ್ಲ, ಹಾಗೆ. ಮ್ಯೂನಿಕ್ಕಿನಲ್ಲಿ ಎಲ್ಲರೂ ಹೌದೆನ್ನುವವರು. ಇದು ನನ್ನ ಕಿವಿಯ ತೀರ್ಪು, ತಿಳಿದವರು ಬೇರೆ ಹೇಳಿಯಾರು. ಆದರೂ ಅದರಲ್ಲಿ ಒಂದೆರಡು ಕಡೆ ಒಬ್ಬಂಟಿ ಮನುಷ್ಯನ ದನಿ ಕೇಳಿಸುತ್ತದೆ, ಅದು ಕ್ವೀನ್ ಹಾಡುಗಳಲ್ಲಿ ನನಗೆ ಸಿಗಲಿಲ್ಲ.

ಎರಡೂವರೆ ತಿಂಗಳ ಮೇಲೆ, ಜುಲೈ 13ರಂದು, ಇಥಿಯೋಪಿಯದ ಬರಗಾಲದ ಸಹಾಯಾರ್ಥ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 'ಲೈವ್ ಏಡ್' ಕಾರ್ಯಕ್ರಮ. ಕ್ವೀನ್‌ಗೆ ಸಿಕ್ಕದ್ದು ಇಪ್ಪತ್ತು ನಿಮಿಷ, ಸುಡು ಹಗಲು, ಎದುರಿಗೆ 72 ಸಾವಿರ ಜನ. ಅಂದು ಕಿರೀಟವಿಲ್ಲ, ರೆಕ್ಕೆಯಿಲ್ಲ, ಒಂದು ಬಿಳಿ ಬನಿಯನ್ನು, ಒಂದು ಪ್ಯಾಂಟು. ಆ ಇಪ್ಪತ್ತು ನಿಮಿಷವನ್ನು ಈಗಲೂ ಯಾರು ಬೇಕಾದರೂ ನೋಡಬಹುದು. ಸಾವಿರಾರು ಕೈಗಳು ಒಂದೇ ತಾಳಕ್ಕೆ ಮೇಲೇಳುವುದನ್ನು ಕಂಡಾಗ, ನಲವತ್ತು ಮಕ್ಕಳನ್ನು ಡ್ರಿಲ್ಲಿಗೆ ನಿಲ್ಲಿಸಲು ಒದ್ದಾಡುವ ನನಗೆ ಹೊಟ್ಟೆಕಿಚ್ಚಾಯಿತು.

ಸಿನಿಮಾದ ಪ್ರಕಾರ ಆ ಹೊತ್ತಿಗೆ ಆತನಿಗೆ ಏಡ್ಸ್ ಇರುವುದು ಗೊತ್ತಾಗಿತ್ತು. ನಿಜದಲ್ಲಿ ಗೊತ್ತಾದದ್ದು 1987ರಲ್ಲಿ. ಎರಡು ವರ್ಷದ ಹೆಚ್ಚುಕಡಿಮೆ, ಸಿನಿಮಾ ತಾನೆ ಎಂದು ಬಿಡಬಹುದಿತ್ತು. ನನಗೆ ಬಿಡಲಾಗಲಿಲ್ಲ, ಅದಕ್ಕೆ ಕಾರಣವಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಮ್ಮ ಭಾಗದಲ್ಲಿ ಆ ರೋಗ ಮನೆಮನೆ ಹೊಕ್ಕ ಕಾಲ. ನನ್ನ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಆತನ ತಂದೆ ಅಣ್ಣತಮ್ಮಂದಿರಿಂದ ಬೇರೆಯಾಗಿ, ಹೊಲದ ಪಾಲು ಮಾರಿ ಲಾರಿ ಹಿಡಿದವನು. ಕೆಲ ವರ್ಷಕ್ಕೆ ರೋಗ ಬಂದು ತೀರಿಕೊಂಡ. ಊರಿನವರು ಕಥೆ ಕಟ್ಟಿಬಿಟ್ಟರು: ಮನಿ ಒಡದು ಹ್ವಾದ, ಅದಕ್ಕ ದೇವರು ತೋರಿಸಿದ. ಮೊದಲು ಬೇರೆಯಾದದ್ದು, ಆಮೇಲೆ ರೋಗ. ಒಂದರ ಹಿಂದೆ ಒಂದು ಬಂದರೆ ಸಾಕು, ಒಂದರಿಂದ ಇನ್ನೊಂದು ಹುಟ್ಟಿತು ಎಂದುಬಿಡುತ್ತೇವೆ. ಆ ಹುಡುಗ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂಡುತ್ತಿದ್ದ. ಬೇರೆ ಮಕ್ಕಳ ತಾಯಂದಿರು ನೀರಿನ ಲೋಟ ಬೇರೆ ಇಡಿರಿ ಎಂದು ಹೇಳಿಕಳಿಸಿದ್ದರು. ಲೋಟದಿಂದ ಆ ರೋಗ ಬರುವುದಿಲ್ಲ ಎಂದು ನಾನೇ ತರಬೇತಿಯಲ್ಲಿ ಕಲಿತು ಬಂದಿದ್ದೆ. ಹೀಗಿದ್ದೂ ಅವನನ್ನು ನಡುವಿನ ಬೆಂಚಿಗೆ ತಂದು ಕೂಡಿಸಲು ನನಗೆ ಎಂಟು ದಿನ ಬೇಕಾಯಿತು. ಆ ಎಂಟು ದಿನ ನನ್ನ ಲೆಕ್ಕದಲ್ಲಿ ಇಂದಿಗೂ ಉಳಿದಿವೆ. ಪುಣೆಯ ಆ ದೊಡ್ಡ ಟೀವಿಯ ಮುಂದೆ ನನಗೆ ಆ ಊರಿನವರ ಕಥೆಯೇ ಇನ್ನೊಮ್ಮೆ ಕೇಳಿದಂತಾಯಿತು. ಒಬ್ಬನೇ ಹಾಡಲು ಹೋದ, ರೋಗ ತಂದುಕೊಂಡ.

ಆತ ಗಂಡಸರನ್ನು ಪ್ರೀತಿಸಿದವನು, ಅದಕ್ಕೂ ಮೊದಲು ಮೇರಿ ಆಸ್ಟಿನ್ ಎಂಬಾಕೆಯನ್ನು ಪ್ರೀತಿಸಿ ಕೊನೆಯವರೆಗೂ ಗೆಳೆತನ ಉಳಿಸಿಕೊಂಡವನು. ಅದೆಲ್ಲ ಅವರವರ ಬದುಕು. ನಾನು ಹೇಳಬೇಕಾದದ್ದು, ರೋಗ ತಿಳಿದ ಆ 1987ರಲ್ಲಿ ಆತ ಏನು ಮಾಡಿದ ಎಂಬುದನ್ನು. ಸಿನಿಮಾದಲ್ಲಿ ಅದೇ ಇಲ್ಲ.

ಬಾರ್ಸಿಲೋನಾದ ಒಪೆರಾ ಗಾಯಕಿ ಮೋನ್ಸೆರಾ ಕಬಾಯೆ ಆತನಿಗೆ ದೇವತೆಯಂತೆ. ಲಂಡನ್ನಿನಲ್ಲಿ ಪವರಾಟ್ಟಿಯನ್ನು ಕೇಳಲು ಹೋಗಿ ಈಕೆಯ ದನಿಗೆ ಮರುಳಾಗಿ ಬಂದಿದ್ದ. ಸ್ಪೇನಿನ ಟೀವಿಯಲ್ಲಿ, ಜಗತ್ತಿನ ಶ್ರೇಷ್ಠ ಗಾಯಕಿ ಈಕೆಯೇ ಎಂದಿದ್ದ. ಸುದ್ದಿ ಅವರಿಗೆ ಮುಟ್ಟಿತು. 1987ರ ಮಾರ್ಚಿನಲ್ಲಿ ಬಾರ್ಸಿಲೋನಾದ ರಿಟ್ಜ್ ಹೋಟೆಲಿನಲ್ಲಿ ಭೇಟಿ. ನಲವತ್ತು ವರ್ಷದ ರಾಕ್ ಗಾಯಕ ಹೊಸ ಹುಡುಗನಂತೆ ಹೆದರಿದ್ದನಂತೆ. ತಾನು ಹೆಣ್ಣುದನಿಯಲ್ಲಿ ಅವರ ಧಾಟಿಯನ್ನೇ ಅನುಕರಿಸಿ ಹಾಡಿದ ಟೇಪನ್ನು ಕೇಳಿಸಿದ. ಆಕೆಗೆ ಸಿಟ್ಟು ಬರಲಿಲ್ಲ, ಹಿಡಿಸಿತು. ಅದೇ ತಿಂಗಳು ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಅದನ್ನು ಆಕೆ ಹಾಡಿಬಿಟ್ಟರು. ಮುಂದೆ ಇಬ್ಬರೂ ಸೇರಿ ಒಂದು ಪೂರ್ತಿ ಆಲ್ಬಮ್ ಮಾಡಿದರು, ಪಿಯಾನೋ ಮತ್ತು ರಾಗಸಂಯೋಜನೆಗೆ ಮೈಕ್ ಮೋರನ್. ಆಕೆಗೆ ಊರೂರಿನ ಕಾರ್ಯಕ್ರಮಗಳು, ಪುರುಸೊತ್ತಿಲ್ಲ. ಫ್ರೆಡ್ಡಿ ತನ್ನ ಭಾಗವನ್ನೂ ಹಾಡಿ, ಆಕೆಯ ಭಾಗವನ್ನೂ ಕಳ್ಳದನಿಯಲ್ಲಿ ಹಾಡಿ ಟೇಪು ಕಳಿಸುತ್ತಿದ್ದ. ಆಕೆ ಬಿಡುವಾದಾಗ ಬಂದು ತಮ್ಮದನ್ನು ಹಾಡುತ್ತಿದ್ದರು. 1988ರಲ್ಲಿ 'ಬಾರ್ಸಿಲೋನಾ' ಹೊರಬಂತು. ಆ ವರ್ಷ ಅಕ್ಟೋಬರ್ 8ರಂದು, ಸೋಲ್ ಒಲಿಂಪಿಕ್ಸ್ ಮುಗಿದು ಬಾವುಟ ಬಾರ್ಸಿಲೋನಾಕ್ಕೆ ಬಂದ ಸಂಭ್ರಮದಲ್ಲಿ ಇಬ್ಬರೂ ವೇದಿಕೆ ಏರಿದರು. ರೆಕಾರ್ಡಿಗೆ ತುಟಿ ಆಡಿಸಿದರು. ದೇಹಕ್ಕೆ ಅಷ್ಟೇ ಸಾಧ್ಯವಿತ್ತು. ವೇದಿಕೆಯ ಮೇಲೆ ಆತನ ಕೊನೆಯ ಹಾಡು ಅದು.

ಮೇಳ ಬಿಟ್ಟು ಮಾಡಿದ ಕೆಲಸಗಳಲ್ಲಿ ಇದೇ ದೊಡ್ಡದೆಂದು ನನಗೆ ತೋರುತ್ತದೆ. ಇದರಲ್ಲಿಯೂ ಆತ ಒಬ್ಬನೇ ಇರಲಿಲ್ಲ, ತನಗಿಂತ ದೊಡ್ಡ ದನಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡಿದ್ದ.

ಆಮೇಲೆ ಮೇಳಕ್ಕೆ ಮರಳಿದ, ಎಂದೂ ಬಿಟ್ಟಿರಲಿಲ್ಲ ಅನ್ನಿ. 1989ರ 'ದಿ ಮಿರಕಲ್' ಆಲ್ಬಮ್ಮಿನಿಂದ ಹಾಡು ಯಾರು ಬರೆದರೂ ನಾಲ್ವರ ಹೆಸರಿನಲ್ಲೇ ಹಾಕಬೇಕೆಂದು ತೀರ್ಮಾನಿಸಿದರು. ಹದಿನೈದು ವರ್ಷ ನನ್ನದು ನಿನ್ನದು ಎಂದು ಜಗಳವಾಡಿದವರು ಕೊನೆಗೆ ಮಾಡಿದ ಈ ವಾಟ್ನಿ ನನಗೆ ಬಹಳ ಮೆಚ್ಚಿಗೆಯಾಯಿತು. ಸ್ವಿಟ್ಜರ್ಲೆಂಡಿನ ಮೋಂತ್ರೋದಲ್ಲಿ ಅವರದೇ ಸ್ಟುಡಿಯೋ ಇತ್ತು. ಅಲ್ಲಿ, ನಿಲ್ಲಲು ತ್ರಾಣವಿಲ್ಲದ ದಿನಗಳಲ್ಲೂ ಫ್ರೆಡ್ಡಿ ಸಿಕ್ಕಷ್ಟು ಹಾಡಿಟ್ಟ. 1991ರ ಮೇ ತಿಂಗಳಲ್ಲಿ 'ಮದರ್ ಲವ್' ಎಂಬ ಹಾಡಿಗೆ ದನಿ ಕೊಡುತ್ತ, ಕೊನೆಯ ಚರಣ ಉಳಿದಿರುವಾಗ, ಸ್ವಲ್ಪ ಸುಧಾರಿಸಿಕೊಂಡು ಬಂದು ಹಾಡುತ್ತೇನೆಂದು ಎದ್ದುಹೋದ. ಮರಳಿ ಬರಲಿಲ್ಲ. ಆ ಚರಣವನ್ನು ಮುಂದೆ ಬ್ರಯನ್ ಹಾಡಿದ. ನವೆಂಬರ್ 23ರಂದು ತನಗೆ ಏಡ್ಸ್ ಇರುವುದನ್ನು ಲೋಕಕ್ಕೆ ತಿಳಿಸಿದ, ಮರುದಿನ ಸಂಜೆ ಲಂಡನ್ನಿನ ಮನೆಯಲ್ಲಿ ತೀರಿಕೊಂಡ. ವಯಸ್ಸು 45. ಅಂತ್ಯಸಂಸ್ಕಾರವನ್ನು ಪಾರ್ಸಿ ಪುರೋಹಿತರು ನಡೆಸಿಕೊಟ್ಟರು. ಮರ್ಕ್ಯುರಿ ಹೋದ ಮೇಲೆ ಬುಲ್ಸಾರಾ ಮನೆಗೆ ಬಂದ.

ಇದ್ದಾಗ ಸಿಗದ ಮೊದಲ ಸ್ಥಾನ ಆಮೇಲೆ ಸಿಕ್ಕಿತು. 'ಮಿಸ್ಟರ್ ಬ್ಯಾಡ್ ಗೈ'ನಲ್ಲಿದ್ದ, ಒಂಟಿಯಾಗಿ ಬದುಕುವುದರ ಕುರಿತ ಒಂದು ಹಾಡನ್ನು ಯಾರೋ ಹೊಸ ತಾಳ ಹಾಕಿ 1993ರಲ್ಲಿ ಬಿಟ್ಟರು, ಬ್ರಿಟನ್ನಿನಲ್ಲಿ ಅದು ಮೊದಲನೆಯದಾಯಿತು. 1995ರಲ್ಲಿ ಉಳಿದ ಮೂವರು ಕೂತು ಕಡೆಯ ಆಲ್ಬಮ್ ಮಾಡಿದರು, 'ಮೇಡ್ ಇನ್ ಹೆವನ್'. ಹಾಡುಗಳು ಸಾಲದಾದಾಗ ಫ್ರೆಡ್ಡಿಯ ಸ್ವಂತದ ಆ ಹಳೆಯ ಆಲ್ಬಮ್ಮಿನಿಂದಲೇ ಎರಡು ಹಾಡು ತೆಗೆದುಕೊಂಡರು. ದನಿ ಮಾತ್ರ ಇಟ್ಟು, ಮ್ಯೂನಿಕ್ಕಿನ ವಾದ್ಯಗಳನ್ನು ತೆಗೆದು, ತಾವು ಮೂವರೂ ಮೊದಲಿನಿಂದ ನುಡಿಸಿದರು.

ಅಣ್ಣನ ಮಗ ದೀಪಾವಳಿಗೆ ಊರಿಗೆ ಬಂದಾಗ ನಾನು ಇದನ್ನು ಹೇಳಿದೆ. ಅವನಿಗೆ ಗೊತ್ತಿರಲಿಲ್ಲ! ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಅದೇ ಹಾಡನ್ನು ಎರಡೂ ರೀತಿಯಲ್ಲಿ ಹುಡುಕಿ ಹಚ್ಚಿದ. ಮೊದಲು 1985ರದು, ಬೇರೆಯವರು ನುಡಿಸಿದ್ದು. ಆಮೇಲೆ 1995ರದು. ಹಾಡುಗಾರ ಇಲ್ಲ, ಮೂವರು ಇದ್ದಾರೆ. ಬ್ರಯನನ ಗಿಟಾರು ಬಂದಾಗ ಹುಡುಗ ಸೊಂಟದ ಮೇಲೆ ಕೈಯಿಟ್ಟು ತಲೆದೂಗಿದ. ಹೊರಗೆ ಮಕ್ಕಳು ಪಟಾಕಿ ಹಾರಿಸುತ್ತಿದ್ದರು, ನಾನು ಬಾಗಿಲು ಮುಂದೆ ಮಾಡಿದೆ.

"ಯಾವುದು ಚಲೋ ಅನಸ್ತು ಅತ್ತಿ? ಎರಡನೇದ ಹೌದಲ್ರಿ?"

"ಎರಡನೇದ ಚಲೋ," ಎಂದೆ. "ಆದರ ಮೊದಲನೇದ ಇನ್ನೊಮ್ಮೆ ಹಚ್ಚು."